ಬನ್ ಸಿಡಬ್ಲ್ಯುಟಿಎಫ್15 ಕಾಫಿ ಬ್ರೂವರ್: ರಿಪೇರಿ ಮೇಜಿನಿಂದ ಒಂದು ವಿಮರ್ಶೆ

ಕಾಫಿ ಯಂತ್ರಗಳ ವಿಮರ್ಶೆಗಳು ಸಾಮಾನ್ಯವಾಗಿ ರುಚಿ, ನೋಟ, ಜಗ್ ಎಷ್ಟು ಬೇಗ ತುಂಬುತ್ತದೆ ಎಂಬಷ್ಟಕ್ಕೇ ಮುಗಿದುಬಿಡುತ್ತವೆ. ಬೆಳಗಿನಿಂದ ಸಂಜೆವರೆಗೆ ದುಡಿಯುವ ಯಂತ್ರವನ್ನು ಕೊಳ್ಳುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಅದು ಕೆಟ್ಟು ನಿಂತ ದಿನ ಎಷ್ಟು ಸ್ಕ್ರೂ ಬಿಚ್ಚಿದರೆ ದೋಷ ಸಿಗುತ್ತದೆ, ಸಿಕ್ಕ ಮೇಲೆ ಮಾಮೂಲಿ ಸ್ಪ್ಯಾನರ್ ಮತ್ತು ಮಲ್ಟಿಮೀಟರ್‌ನಲ್ಲಿ ಕೆಲಸ ಆಗುತ್ತದೆಯೇ? ಈ ಲೆಕ್ಕದಲ್ಲಿ ಬನ್ ಕಂಪನಿಯ ಸಿಡಬ್ಲ್ಯುಟಿಎಫ್15 ಈಗಲೂ ಒಳ್ಳೆಯ ಅಂಕ ಗಳಿಸುವ ಯಂತ್ರ. ಪೂರ್ಣ ಅಂಕವಲ್ಲ. ಎಲ್ಲಿ ಕಡಿತವಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಮೊದಲು ವಿವರ. ಇದು ನೀರಿನ ಲೈನಿಗೆ ನೇರ ಜೋಡಿಸುವ, ಒಂದು ಸಲಕ್ಕೆ ಸುಮಾರು 1.9 ಲೀಟರ್ ಇಳಿಸುವ ಆಟೊಮ್ಯಾಟಿಕ್ ಬ್ರೂವರ್. 120 ವೋಲ್ಟ್ ಮಾದರಿ 1370 ವ್ಯಾಟ್ ಎಳೆಯುತ್ತದೆ. ಒಳಗೆ ಸ್ಟೇನ್‌ಲೆಸ್ ಟ್ಯಾಂಕು, ನೀರು ಕಾಯಿಸುವ ಒಂದು ಎಲಿಮೆಂಟ್, ತಾಮ್ರದ ಬಾಲದ ತುದಿಯಲ್ಲಿ ಬಲ್ಬ್ ಇರುವ, ನೀರಿನ ಬಿಸಿ ನಿಯಂತ್ರಿಸುವ ಕಂಟ್ರೋಲ್ ಥರ್ಮೋಸ್ಟಾಟ್, ಅತಿಬಿಸಿ ತಡೆಯುವ ಲಿಮಿಟ್ ಥರ್ಮೋಸ್ಟಾಟ್, ಟೈಮರ್, ಕರೆಂಟ್ ಸಿಕ್ಕಾಗ ಮಾತ್ರ ತೆರೆದು ನೀರು ಬಿಡುವ ಸೊಲೆನಾಯ್ಡ್ ವಾಲ್ವ್, ತುದಿಯಲ್ಲಿ ಪುಡಿಯ ಮೇಲೆ ನೀರು ಚಿಮುಕಿಸುವ ಆರು ತೂತಿನ ಸ್ಪ್ರೇಹೆಡ್. ಜೊತೆಗೆ ಜಗ್ ಬಿಸಿಯಿಡುವ ವಾರ್ಮರ್‌ಗಳು. ಇಷ್ಟೇ. ಪಂಪಿಲ್ಲ, ಪರದೆಯಿಲ್ಲ, ಸೆನ್ಸರ್‌ಗಳ ಗೊಂದಲವಿಲ್ಲ.

ಪಂಪಿಲ್ಲದೆ ನೀರು ಮೇಲೇರುವುದು ಹೇಗೆಂದು ತಿಳಿದುಕೊಂಡರೆ ಅರ್ಧ ರಿಪೇರಿ ಮುಗಿದ ಹಾಗೆ. ಟ್ಯಾಂಕಿನಲ್ಲಿ ಯಾವಾಗಲೂ ಬಿಸಿನೀರು ತುಂಬಿರುತ್ತದೆ. ಬಟನ್ ಒತ್ತಿದಾಗ ಸೊಲೆನಾಯ್ಡ್ ತೆರೆದು ತಣ್ಣೀರು ಟ್ಯಾಂಕಿನ ತಳಕ್ಕೆ ಹೋಗುತ್ತದೆ. ಭಾರವಾದ ತಣ್ಣೀರು ಕೆಳಗೇ ಕೂತು, ಮೇಲಿದ್ದ ಬಿಸಿನೀರನ್ನು ಸ್ಪ್ರೇಹೆಡ್ ಕಡೆಗೆ ತಳ್ಳುತ್ತದೆ. ಟೈಮರ್ ಮುಗಿದಾಗ ವಾಲ್ವ್ ಮುಚ್ಚುತ್ತದೆ. ಎಷ್ಟು ನೀರು ಹೋಯಿತು ಎಂದು ಅಳೆಯುವ ಭಾಗ ಈ ಯಂತ್ರದಲ್ಲಿ ಎಲ್ಲೂ ಇಲ್ಲ. ವಾಲ್ವ್ ಎಷ್ಟು ಹೊತ್ತು ತೆರೆದಿತ್ತು, ಆ ಹೊತ್ತಿನಲ್ಲಿ ನೀರು ಎಷ್ಟು ರಭಸವಾಗಿ ಹರಿಯಿತು, ಈ ಎರಡರ ಗುಣಲಬ್ಧವೇ ಜಗ್ಗಿನಲ್ಲಿರುವ ಕಾಫಿ. ಹೆಚ್ಚಿನ ದೂರುಗಳ ಬೇರು ಈ ಒಂದು ವಾಕ್ಯದಲ್ಲಿದೆ.

ಜಗ್ ಪೂರ್ತಿ ತುಂಬುತ್ತಿಲ್ಲ

ಅತಿ ಸಾಮಾನ್ಯ ದೂರು ಇದು. ಅತಿ ಸಾಮಾನ್ಯವಾದ ತಪ್ಪು ಚಿಕಿತ್ಸೆಯೂ ಇಲ್ಲೇ ನಡೆಯುತ್ತದೆ. ಮೇಲಿನ ಮುಚ್ಚಳ ತೆಗೆದು ಟೈಮರ್ ಅನ್ನು ಸ್ವಲ್ಪ ಹೆಚ್ಚು ಹೊತ್ತಿಗೆ ತಿರುಗಿಸಿಬಿಡುತ್ತಾರೆ. ಆ ದಿನಕ್ಕೆ ಜಗ್ ತುಂಬುತ್ತದೆ. ಎರಡು ತಿಂಗಳಾದ ಮೇಲೆ ಯಾರೋ ನೀರಿನ ಫಿಲ್ಟರ್ ಬದಲಿಸುತ್ತಾರೆ ಅಥವಾ ಗಡಸು ನೀರಿನಿಂದ ಒಳಗೆ ಕಟ್ಟಿದ ಸುಣ್ಣ ತೆಗೆಯುತ್ತಾರೆ, ಹರಿವು ಮೊದಲಿನಂತಾಗುತ್ತದೆ, ಬಿಸಿ ಕಾಫಿ ಜಗ್ ತುಂಬಿ ಕೌಂಟರ್ ಮೇಲೆ ಹರಿಯುತ್ತದೆ. ಸಮಯ ಬದಲಾಗದೆ ಅಳತೆ ಕಡಿಮೆಯಾಗಿದ್ದರೆ ಕಡಿಮೆಯಾದದ್ದು ಹರಿವು. ಅದನ್ನು ನೀರು ಬರುವ ದಿಕ್ಕಿನಿಂದಲೇ ಹುಡುಕುತ್ತ ಬರಬೇಕು.

ಯಂತ್ರದ ಹಿಂದೆ ನೀರಿನ ಪೈಪು ಕೂಡುವ ಕಾಲು ಇಂಚಿನ ಜೋಡಣೆಯನ್ನು (ಫ್ಲೇರ್) ಬಿಚ್ಚಿ, ಪೈಪಿನ ತುದಿಯನ್ನು ಬಕೆಟ್ಟಿಗೆ ಹಿಡಿದು ಒಂದು ನಿಮಿಷ ನೀರು ಬಿಡಿ. ಧಾರೆ ಸಣಕಲಾಗಿ ನಿಮಿಷಕ್ಕೆ ಒಂದೆರಡು ಲೀಟರ್ ಕೂಡ ಬರದಿದ್ದರೆ ಯಂತ್ರಕ್ಕೆ ಕೈ ಹಚ್ಚುವ ಅಗತ್ಯವೇ ಇಲ್ಲ, ದೋಷ ಲೈನಿನಲ್ಲಿದೆ. ತುಂಬಿಹೋದ ಫಿಲ್ಟರ್ ಕಾರ್ಟ್ರಿಜ್, ಅರ್ಧ ತೆರೆದ ವಾಲ್ವ್, ಯಂತ್ರ ಹಿಂದೆ ತಳ್ಳಿದಾಗ ಮಡಿಸಿಕೊಂಡ ಪೈಪು, ಈ ಮೂರನ್ನು ಮೊದಲು ನೋಡಿ. ದೊಡ್ಡ ಪೈಪಿಗೆ ಸೂಜಿ ಚುಚ್ಚಿ ಕೂರಿಸುವ ಸ್ಯಾಡಲ್ ವಾಲ್ವ್ ಹಾಕಿದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಅದರ ತೂತು ಮೊದಲೇ ಚಿಕ್ಕದು, ಸ್ವಲ್ಪ ಕಸ ಸಿಕ್ಕಿದರೂ ಕಟ್ಟಿಕೊಳ್ಳುತ್ತದೆ. ತಯಾರಕರೇ ಅದನ್ನು ಬೇಡ ಎನ್ನುತ್ತಾರೆ. ಅರ್ಧ ಇಂಚಿನ ಲೈನಿನಿಂದ ಯಂತ್ರಕ್ಕೆ ಸುಮಾರು ಏಳೂವರೆ ಮೀಟರ್ ಒಳಗಿದ್ದರೆ ಕಾಲು ಇಂಚಿನ ತಾಮ್ರದ ಪೈಪು ಸಾಕು, ಹೆಚ್ಚಿದ್ದರೆ ಎಂಟನೇ ಮೂರು (3/8) ಇಂಚಿನದು ಬೇಕು. ಒತ್ತಡ 1.4ರಿಂದ 6.2 ಬಾರ್ ನಡುವೆ ಇರಬೇಕು. ಯಂತ್ರದ ಹಿಂದೆ ಪೈಪನ್ನು ಎರಡು ಮೂರು ಸುತ್ತು ಸುರುಳಿ ಸುತ್ತಿ ಬಿಟ್ಟರೆ, ಒರೆಸಲು ಯಂತ್ರ ಸರಿಸಿದಾಗಲೆಲ್ಲ ಜೋಡಣೆ ಸಡಿಲಾಗುವುದು ತಪ್ಪುತ್ತದೆ.

ಬಕೆಟ್ಟಿಗೆ ಧಾರೆ ಚೆನ್ನಾಗಿ ಬಂದರೆ ಮುಂದಿನ ನಿಲ್ದಾಣ ಸೊಲೆನಾಯ್ಡ್ ಬಾಯಲ್ಲಿರುವ ಜಾಲರಿ. ಅಲ್ಲಿ ತುಕ್ಕು, ಮರಳು, ಪೈಪು ಜೋಡಿಸಿದವರು ಬಿಟ್ಟುಹೋದ ಟೇಪಿನ ಚೂರು ಸಿಗುವುದು ಸಾಮಾನ್ಯ. ಆಮೇಲೆ ಸ್ಪ್ರೇಹೆಡ್. ಕೈಯಲ್ಲೇ ತಿರುಗಿಸಿ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಆರು ತೂತೂ ಪೂರ್ತಿ ಕಾಣಬೇಕು. ಕೊನೆಗೆ ಅದರ ಮೇಲಿನ ನಳಿಕೆ. ಯಂತ್ರದ ಜೊತೆ ಬರುವ ಉದ್ದನೆಯ ಸ್ಪ್ರಿಂಗನ್ನು ಹೆಚ್ಚಿನವರು ಯಾವುದೋ ಬಿಡಿಭಾಗ ಉಳಿದುಹೋಯಿತೆಂದು ಎಸೆದುಬಿಡುತ್ತಾರೆ. ಅದು ಇರುವುದೇ ಈ ಕೆಲಸಕ್ಕೆ. ಸ್ಪ್ರೇಹೆಡ್ ತೆಗೆದ ಜಾಗದಲ್ಲಿ ಅದನ್ನು ಟ್ಯಾಂಕಿನವರೆಗೂ ತೂರಿಸಬೇಕು. ಹೊರಗೆ ಐದು ಸೆಂಟಿಮೀಟರಿಗಿಂತ ಹೆಚ್ಚು ಕಾಣುತ್ತಿದ್ದರೆ ಇನ್ನೂ ಒಳಗೆ ಹೋಗಿಲ್ಲ ಎಂದರ್ಥ. ಐದಾರು ಸಲ ಹಿಂದೆ ಮುಂದೆ ಆಡಿಸಿದರೆ ನಳಿಕೆಯ ಸುಣ್ಣ ಪುಡಿಯಾಗಿ ಉದುರುತ್ತದೆ. ಇದನ್ನು ಮಾಡುವ ಮುನ್ನ ಪ್ಲಗ್ ಕಿತ್ತಿರಬೇಕು, ಕೆಳಗೊಂದು ಪಾತ್ರೆ ಇರಬೇಕು, ಟ್ಯಾಂಕು ಆರಿರಬೇಕು. ಆರು ತೂತಿನ ಸ್ಪ್ರೇಹೆಡ್ಡಿಗಾಗಿ ಇಷ್ಟೊಂದು ಮುಂಜಾಗ್ರತೆಯೇ ಎನಿಸಿದರೆ, ಆ ನೀರು 93 ಡಿಗ್ರಿ ಎಂಬುದು ನೆನಪಿರಲಿ.

ಟೈಮರ್ ಹೊಂದಿಸುವುದು ಇವೆಲ್ಲ ಆದ ಮೇಲೆ. ಟ್ಯಾಂಕು ಪೂರ್ತಿ ಬಿಸಿಯಾದ ನಂತರ ಒಂದು ಬ್ಯಾಚ್ ಇಳಿಸಿ ಅಳೆಯಿರಿ, ಸ್ವಲ್ಪ ತಿರುಗಿಸಿ, ಮತ್ತೆ ಬಿಸಿಯಾಗಲು ಬಿಟ್ಟು ಮತ್ತೆ ಅಳೆಯಿರಿ. ಒಂದೇ ಅಳತೆಯನ್ನು ನಂಬಬೇಡಿ.

ನೀರು ನಿಲ್ಲುತ್ತಿಲ್ಲ, ಅಥವಾ ತೊಟ್ಟಿಕ್ಕುತ್ತಲೇ ಇದೆ

ಧಾರೆ ನಿಲ್ಲದಿದ್ದರೆ ಮೊದಲ ಪರೀಕ್ಷೆಗೆ ಉಪಕರಣವೇ ಬೇಡ: ಪ್ಲಗ್ ಕೀಳಿ. ಕಿತ್ತ ಮೇಲೂ ನೀರು ಬರುತ್ತಿದ್ದರೆ ಸೊಲೆನಾಯ್ಡ್ ಒಳಗೆ ನೀರಿನ ದಾರಿ ಮುಚ್ಚುವ ಕಡ್ಡಿ, ಅಂದರೆ ಪ್ಲಂಜರ್, ಮುಚ್ಚಿಕೊಳ್ಳುತ್ತಿಲ್ಲ. ಅದು ಕೂರುವ ಸೀಟಿನ ಮೇಲೆ ಮರಳಿನ ಕಣವೋ ಸುಣ್ಣದ ಚೂರೋ ಕೂತಿದೆ, ಇಲ್ಲವೇ ರಬ್ಬರ್ ಗುಂಡಿಬಿದ್ದಿದೆ. ಕಿತ್ತ ಕೂಡಲೇ ನಿಂತರೆ ವಾಲ್ವ್ ನಿರಪರಾಧಿ. ಟೈಮರ್ ಅದಕ್ಕೆ ಕರೆಂಟ್ ಕೊಡುತ್ತಲೇ ಇದೆ. ಹತ್ತು ಸೆಕೆಂಡಿನಲ್ಲಿ ದೋಷವನ್ನು ಎರಡು ಪಾಲು ಮಾಡಿಕೊಡುವ ಈ ಪರೀಕ್ಷೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಯಂತ್ರಗಳಿಗೂ ಅನ್ವಯಿಸುತ್ತದೆ.

ತದ್ವಿರುದ್ಧ ದೂರು, ಬಟನ್ ಒತ್ತಿದರೂ ನೀರೇ ಬರುತ್ತಿಲ್ಲ ಎಂದಾದರೆ ಕಿವಿಗೊಡಿ. ವಾಲ್ವ್ ಬಳಿ ಟಕ್ ಎಂಬ ಸದ್ದು ಕೇಳಿದರೆ ವಾಲ್ವನ್ನು ತೆರೆಸುವ ತಂತಿಸುರುಳಿ (ಕಾಯಿಲ್) ಸರಿಯಿದೆ, ನೀರಿನ ದಾರಿ ನೋಡಿ. ಗುಂಯ್ ಎನ್ನುತ್ತ ತೆರೆಯದಿದ್ದರೆ ಪ್ಲಂಜರ್ ಸುಣ್ಣದಲ್ಲಿ ಸಿಕ್ಕಿಕೊಂಡಿದೆ. ಸದ್ದೇ ಇಲ್ಲದಿದ್ದರೆ ಕಾಯಿಲ್ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ವೋಲ್ಟೇಜ್ ಇದ್ದೂ ಅಲುಗದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲದಿದ್ದರೆ ಸ್ಟಾರ್ಟ್ ಸ್ವಿಚ್ ಅಥವಾ ಟೈಮರ್. ಈ ಅಳತೆ ಕರೆಂಟ್ ಇರುವಾಗಲೇ ಆಗಬೇಕಾದ್ದರಿಂದ ತಿಳಿದವರು ಮಾತ್ರ ಕೈಹಾಕುವುದು ಒಳ್ಳೆಯದು.

ತೊಟ್ಟಿಕ್ಕುವುದು ಸ್ವಲ್ಪ ಸೂಕ್ಷ್ಮ ವಿಷಯ. ಬ್ರೂ ಮುಗಿದ ಮೇಲೆ ಪುಡಿಯಲ್ಲಿ ಉಳಿದ ನೀರು ಕೆಲವು ನಿಮಿಷ ಇಳಿಯುವುದು ಸಹಜ. ಪುಡಿ ಹಾಕುವ ಫನೆಲ್ ಖಾಲಿಯಿದ್ದಾಗಲೂ ಅದಕ್ಕೆ ಸ್ಪ್ರೇಹೆಡ್ಡಿನಿಂದಲೇ ಹನಿ ಬೀಳುತ್ತಿದ್ದರೆ ಅದು ದೋಷ. ನೀರು ಬಿಸಿಯಾದಾಗ ಹಿಗ್ಗುತ್ತದೆ. 25ರಿಂದ 93 ಡಿಗ್ರಿಗೆ ಏರುವಾಗ 1.9 ಲೀಟರ್ ನೀರು ಸುಮಾರು 65 ಮಿಲಿಲೀಟರ್ ಹೆಚ್ಚುತ್ತದೆ. ಅದಕ್ಕೆಂದೇ ಬ್ರೂ ಮುಗಿದಾಗ ಟ್ಯಾಂಕಿನ ಮೇಲ್ಭಾಗದಲ್ಲಿ ಸ್ವಲ್ಪ ಜಾಗ ಖಾಲಿ ಉಳಿಯಬೇಕು. ಹೊರಹೋಗುವ ದಾರಿಯಲ್ಲಿ ಸುಣ್ಣ ಕಟ್ಟಿದರೆ ಆ ಜಾಗ ಖಾಲಿಯಾಗುವುದಿಲ್ಲ, ಹಿಗ್ಗಿದ ನೀರು ಹನಿಹನಿಯಾಗಿ ಹೊರಬೀಳುತ್ತದೆ. ಇದನ್ನು ವಾಲ್ವಿನ ಸೋರಿಕೆಯಿಂದ ಬೇರ್ಪಡಿಸಲು ಗೋಡೆಯ ಬಳಿಯ ನೀರಿನ ವಾಲ್ವ್ ಮುಚ್ಚಿ ನೋಡಿ. ಹನಿ ಕ್ರಮೇಣ ನಿಂತು, ವಾಲ್ವ್ ತೆರೆದೊಡನೆ ಮರುಕಳಿಸಿದರೆ ಸೊಲೆನಾಯ್ಡ್ ಸೋರುತ್ತಿದೆ. ಎಲಿಮೆಂಟ್ ಬಿಸಿ ಮಾಡುವಾಗ ಮಾತ್ರ ಹನಿ ಬಿದ್ದು ಆಮೇಲೆ ನಿಂತರೆ ಸುಣ್ಣ.

ಇಲ್ಲಿ ಈ ಯಂತ್ರದ ಅಂಕ ಕಡಿತವಾಗುವುದು ಖಂಡಿತ. ಕೆಳಗೆ ಜಗ್ ಇದೆಯೇ, ಅದು ಖಾಲಿಯೇ ಎಂದು ಇದಕ್ಕೆ ಗೊತ್ತಿಲ್ಲ. ಅರ್ಧ ತುಂಬಿದ ಜಗ್ ಇಟ್ಟು ಬಟನ್ ಒತ್ತಿದರೂ ನಿಷ್ಠೆಯಿಂದ ಪೂರ್ತಿ ಅಳತೆ ಸುರಿಯುತ್ತದೆ. ಹೊಸಬರು ಹೆಚ್ಚಾಗಿ ಕೆಲಸಕ್ಕೆ ಸೇರುವ ಕಡೆ ಇದು ಚಿಕ್ಕ ವಿಷಯವಲ್ಲ.

ಬಿಸಿಯೇ ಇಲ್ಲ

ಖಾಲಿ ಫನೆಲ್ ಇಟ್ಟು, ಕೆಳಗೆ ಖಾಲಿ ಜಗ್ ಇಟ್ಟು, ಬ್ರೂ ಶುರುಮಾಡಿ ಸ್ಪ್ರೇಹೆಡ್ ಕೆಳಗೇ ಥರ್ಮಾಮೀಟರ್ ಹಿಡಿಯಿರಿ. 91 ಡಿಗ್ರಿಗಿಂತ ಕಡಿಮೆ ತೋರಿಸಬಾರದು. ಜಗ್ಗಿನಲ್ಲಿ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ, ಗಾಜು ಮತ್ತು ಗಾಳಿ ಹಲವು ಡಿಗ್ರಿ ಕದಿಯುತ್ತವೆ.

ದೋಷ ಹುಡುಕುವ ಮುನ್ನ ಇನ್ನೊಂದು ಲೆಕ್ಕ. 1.9 ಲೀಟರ್ ನೀರನ್ನು 25ರಿಂದ 93 ಡಿಗ್ರಿಗೆ ಏರಿಸಲು ಸುಮಾರು 540 ಕಿಲೋಜೂಲ್ ಬೇಕು. 1370 ವ್ಯಾಟ್ ಪೂರ್ತಿ ನೀರಿಗೇ ಹೋದರೂ ಆರೂವರೆ ನಿಮಿಷ. ಅಂದರೆ ಗಂಟೆಗೆ ಏಳೆಂಟು ಜಗ್ಗಿಗಿಂತ ಹೆಚ್ಚು ಕೇಳಿದರೆ ಮೂರನೆಯದೋ ನಾಲ್ಕನೆಯದೋ ಸಪ್ಪೆಯಾಗಿಯೇ ಬರುತ್ತದೆ. ಅದು ದೋಷವಲ್ಲ, ಆ ಗಾತ್ರದ ಎಲಿಮೆಂಟಿನ ಮಿತಿ. ಬೆಳಗಿನ ನೂಕುನುಗ್ಗಲಿಗೆ ಇದಕ್ಕಿಂತ ಹೆಚ್ಚು ಬೇಕಿದ್ದರೆ ಥರ್ಮೋಸ್ಟಾಟ್ ಬದಲಿಸಿ ಪ್ರಯೋಜನವಿಲ್ಲ, ಹೆಚ್ಚು ವ್ಯಾಟಿನ ದೊಡ್ಡ ಮಾದರಿಯೇ ಬೇಕು.

ಹೊತ್ತು ಕೊಟ್ಟರೂ ತಣ್ಣಗಿದ್ದರೆ ಪ್ಲಗ್ ಕಿತ್ತು, ತಂತಿಗಳನ್ನು ಬಿಡಿಸಿ, ಸರದಿಯಲ್ಲಿ ಅಳೆಯಿರಿ. ಲಿಮಿಟ್ ಥರ್ಮೋಸ್ಟಾಟಿನ ಎರಡು ತುದಿಗಳ ನಡುವೆ ಸಂಪರ್ಕ ಇರಬೇಕು. ತಣ್ಣಗಿರುವ ಕಂಟ್ರೋಲ್ ಥರ್ಮೋಸ್ಟಾಟಿನಲ್ಲೂ ಇರಬೇಕು. ಎಲಿಮೆಂಟಿನ ಓಮ್ ಎಷ್ಟಿರಬೇಕೆಂದು ಕೈಪಿಡಿ ಹುಡುಕಬೇಕಿಲ್ಲ: ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿ. ಎಲಿಮೆಂಟ್ ಮೇಲೆ 120 ವೋಲ್ಟ್, 1250 ವ್ಯಾಟ್ ಎಂದಿದ್ದರೆ 11.5 ಓಮ್. 230 ವೋಲ್ಟ್, 2000 ವ್ಯಾಟ್ ಎಂದಿದ್ದರೆ 26.5 ಓಮ್. ಮೀಟರ್ ಇದರ ಆಸುಪಾಸು ತೋರಿಸಿದರೆ ಸರಿ, ಅನಂತ ತೋರಿಸಿದರೆ ಒಳಗಿನ ತಂತಿ ಕಡಿದಿದೆ. ಎಲಿಮೆಂಟಿನ ತುದಿಗೂ ಅದರ ಹೊರಕವಚಕ್ಕೂ ನಡುವೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದರೆ ಒಂದು ಮೆಗಾಓಮಿಗಿಂತ ಹೆಚ್ಚಿರಬೇಕು. ಪ್ಲಗ್ ಹಾಕಿದ ಕೂಡಲೇ ಲೀಕೇಜ್ ಬ್ರೇಕರ್ ಬೀಳುತ್ತಿದ್ದರೆ ಕಾರಣ ಬಹುಪಾಲು ಇಲ್ಲಿ ಸಿಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರವಾದರೆ ಎಲಿಮೆಂಟ್ ಒಳಗಿನ ಪುಡಿ ತೇವ ಎಳೆದುಕೊಂಡಿರಲೂಬಹುದು. ಎಲಿಮೆಂಟನ್ನು ಹೊರತೆಗೆದು ಮಂದ ಬಿಸಿಯಲ್ಲಿ ಒಣಗಿಸಿ ಮತ್ತೊಮ್ಮೆ ಅಳೆದು ತೀರ್ಮಾನಿಸಿ.

ಲಿಮಿಟ್ ಥರ್ಮೋಸ್ಟಾಟ್ ಕಡಿದಿದ್ದರೆ ಅಲ್ಲಿಗೇ ಕೆಲಸ ಮುಗಿಯುವುದಿಲ್ಲ. ಅದು ತಾನಾಗಿ ಸಾಯುವುದು ಅಪರೂಪ. ಒಂದೋ ಟ್ಯಾಂಕಿನಲ್ಲಿ ನೀರಿಲ್ಲದೆ ಎಲಿಮೆಂಟ್ ಉರಿದಿದೆ, ಇಲ್ಲವೇ ಕಂಟ್ರೋಲ್ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡು ನೀರು ಕುದಿಯುತ್ತಲೇ ಇತ್ತು. ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಎರಡು ತಂತಿ ಸೇರಿಸಿ ಅದನ್ನು ದಾಟಿಸಿಬಿಡುವ ಚಾಳಿಯಂತೂ ಬೆಂಕಿಗೆ ಆಹ್ವಾನ. ಹಳೆಯ ಯಂತ್ರ ಕೊಳ್ಳುವವರು ಮುಚ್ಚಳ ತೆಗೆದು ಮೊದಲು ನೋಡಬೇಕಾದದ್ದೇ ಇದನ್ನು.

ಕಂಟ್ರೋಲ್ ಥರ್ಮೋಸ್ಟಾಟಿನ ತಾಮ್ರದ ಬಾಲ ಈ ವಿನ್ಯಾಸದ ನಾಜೂಕು ಭಾಗ. ಚೂಪಾಗಿ ಮಡಿಸಿದರೆ ಒಳಗಿನ ದ್ರವದ ದಾರಿ ಕಟ್ಟುತ್ತದೆ. ಬಲ್ಬು ಟ್ಯಾಂಕಿನೊಳಗೆ ಇರಬೇಕಾದ ಆಳಕ್ಕಿಂತ ಮೇಲೆ ಸರಿದಿದ್ದರೆ ಅದು ಮೇಲ್ಭಾಗದ ಬಿಸಿಯನ್ನಷ್ಟೇ ಓದಿ ಬೇಗ ಆಫ್ ಆಗುತ್ತದೆ, ಕೆಳಗಿನ ನೀರು ತಣ್ಣಗೇ ಉಳಿಯುತ್ತದೆ. ಹಳೆಯದನ್ನು ಎಳೆಯುವ ಮೊದಲು ಬಾಲ ಟ್ಯಾಂಕಿಗೆ ಇಳಿಯುವ ಕಡೆಯ ರಬ್ಬರ್ ಬಳೆಯ (ಗ್ರೋಮೆಟ್) ಬಳಿ ಬಾಲದ ಮೇಲೆ ಗುರುತು ಹಾಕಿಕೊಂಡರೆ ಹೊಸದನ್ನು ಅದೇ ಆಳಕ್ಕೆ ಇಳಿಸಬಹುದು.

ಬುಸುಗುಡುವುದು, ಆವಿ ಉಗುಳುವುದು

ಟ್ಯಾಂಕಿನಿಂದ ಬುಸುಬುಸು ಸದ್ದು, ಸ್ಪ್ರೇಹೆಡ್ಡಿನಿಂದ ಆವಿ. ಕಾರಣ ಎರಡೇ: ಸುಣ್ಣ, ಅಥವಾ ಥರ್ಮೋಸ್ಟಾಟ್ ಕುದಿಯುವ ಬಿಂದುವಿನ ಹತ್ತಿರ ಹೋಗುತ್ತಿರುವುದು. ಎತ್ತರದ ಊರುಗಳಲ್ಲಿ ಎರಡನೆಯದು ಯಂತ್ರ ಸರಿಯಿದ್ದರೂ ಆಗುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1500 ಮೀಟರ್ ಎತ್ತರದಲ್ಲಿ ನೀರು 95ರಲ್ಲೇ ಕುದಿಯುವಾಗ, ಸಮತಟ್ಟಿಗೆ ಹೊಂದಿಸಿದ ಥರ್ಮೋಸ್ಟಾಟಿಗೆ ಅಂತರವೇ ಉಳಿಯುವುದಿಲ್ಲ. ಎರಡು ಮೂರು ಡಿಗ್ರಿ ಕೆಳಗೆ ಹೊಂದಿಸಿ, ಪುಡಿಯನ್ನು ಕೊಂಚ ನುಣ್ಣಗೆ ಬೀಸಿದರೆ ರುಚಿಯೂ ಉಳಿಯುತ್ತದೆ.

ಸುಣ್ಣ ತೆಗೆಯಲು ಲೀಟರಿಗೆ 30ರಿಂದ 40 ಗ್ರಾಂ ಸಿಟ್ರಿಕ್ ಆಮ್ಲ, ಬೆಚ್ಚಗಿನ ನೀರು, ಅರ್ಧ ಗಂಟೆ. ಪ್ಲಗ್ ಕಿತ್ತು, ಟ್ಯಾಂಕಿನ ಮುಚ್ಚಳ ತೆಗೆದು, ಸಣ್ಣ ಕೊಳವೆಯಿಂದ ಸೈಫನ್ ಮಾಡಿ ನೀರು ಖಾಲಿ ಮಾಡಿ, ದ್ರಾವಣವನ್ನು ನೇರ ಟ್ಯಾಂಕಿಗೇ ಸುರಿಯಬೇಕು. ಲೈನಿಗೆ ಜೋಡಿಸಿದ ಯಂತ್ರವಾದ್ದರಿಂದ ಬೇರೆ ದಾರಿಯಿಲ್ಲ, ಈ ಕೆಲಸ ನೀರು ಕೈಯಲ್ಲಿ ಸುರಿಯುವ ಮಾದರಿಗಳಲ್ಲಿ ಎಷ್ಟೋ ಸುಲಭ. ನೊರೆ ನಿಂತ ಮೇಲೂ ಪದರ ಉಳಿದಿದ್ದರೆ ದ್ರಾವಣ ಸತ್ತಿದೆ, ಹೊಸದು ಹಾಕಿ. ಕುದಿಯುವ ನೀರಿನಲ್ಲಿ ಮಾಡಬೇಡಿ, ಕ್ಯಾಲ್ಸಿಯಂ ಸಿಟ್ರೇಟ್ ಹೊಸ ಗಸಿಯಾಗಿ ಕೂರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೇಡವೇ ಬೇಡ, ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನು ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ. ಮುಚ್ಚಳದ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಇದೇ ಹೊತ್ತಿನಲ್ಲಿ ಬದಲಿಸಿಬಿಡಿ. ಸೋರಿದ ಆವಿ ಮೇಲಿನ ತಂತಿ ಜೋಡಣೆಗಳನ್ನು ಹಸಿರು ಮಾಡುತ್ತದೆ.

ಯಂತ್ರದ ತಪ್ಪಲ್ಲದ ದೂರುಗಳು

ಕಾಫಿ ನೀರುನೀರಾಗಿದೆ ಎಂದು ಬರುವ ಯಂತ್ರಗಳಲ್ಲಿ ಎಷ್ಟೋ ಯಾವ ದೋಷವೂ ಇಲ್ಲದವು. ಲೀಟರಿಗೆ 55 ಗ್ರಾಂ ಎಂಬ ಒಪ್ಪಿತ ಪ್ರಮಾಣದಲ್ಲಿ 1.9 ಲೀಟರ್ ಜಗ್ಗಿಗೆ 105 ಗ್ರಾಂ ಪುಡಿ ಬೇಕು. 60 ಗ್ರಾಂ ಹಾಕಿ ಥರ್ಮೋಸ್ಟಾಟನ್ನು ದೂರಿದರೆ ಏನೂ ಆಗದು. ಫನೆಲ್ಲಿನಲ್ಲಿ ಪುಡಿಯ ದಪ್ಪ ಎರಡೂವರೆಯಿಂದ ಐದು ಸೆಂಟಿಮೀಟರ್, ನೀರು ಪುಡಿಯ ಜೊತೆ ಇರುವ ಹೊತ್ತು ನಾಲ್ಕರಿಂದ ಎಂಟು ನಿಮಿಷ ಇದ್ದರೆ ಸರಿ. ಚರಟವನ್ನು ನೋಡಿದರೂ ತಿಳಿಯುತ್ತದೆ: ಒಂದು ಪಕ್ಕ ಒಣಗಿ ಉಳಿದಿದ್ದರೆ ಸ್ಪ್ರೇಹೆಡ್ಡಿನ ಕೆಲವು ತೂತು ಕಟ್ಟಿವೆ ಅಥವಾ ಪುಡಿಯನ್ನು ಗುಡ್ಡೆ ಹಾಕಿದ್ದಾರೆ. ಫನೆಲ್ ಉಕ್ಕಿ ಚರಟ ಜಗ್ಗಿಗೆ ಬಿದ್ದಿದ್ದರೆ ಪೇಪರ್ ಫಿಲ್ಟರ್ ಒಂದರ ಬದಲು ಎರಡು ಕೂತಿದೆ, ಇಲ್ಲವೇ ಅಂಚು ಮಡಿಸಿಕೊಂಡಿದೆ, ಇಲ್ಲವೇ ಪುಡಿ ತೀರಾ ನುಣುಪು.

ಕೊಳ್ಳಬೇಕೇ?

ಡಿಜಿಟಲ್ ಹಲಗೆ (ಎಲೆಕ್ಟ್ರಾನಿಕ್ ಬೋರ್ಡ್) ಇರುವ ಬ್ರೂವರ್‌ಗಳು ನೀರನ್ನು ಬಿಟ್ಟುಬಿಟ್ಟು ಸುರಿಸುತ್ತವೆ, ಬ್ಯಾಚಿನ ಅಳತೆ ನೆನಪಿಡುತ್ತವೆ, ಟ್ಯಾಂಕಿನ ಬಿಸಿಯನ್ನು ಅಂಕಿಯಲ್ಲಿ ತೋರಿಸುತ್ತವೆ. ರುಚಿಯ ಮೇಲೆ ಹಿಡಿತ ಬೇಕಾದವರಿಗೆ ಅವೇ ಮೇಲು. ಆದರೆ ಅಲ್ಲಿ ಹಲಗೆಗೆ ಆವಿ ತಾಗಿ ಹಾಳಾದರೆ ಪೂರ್ತಿ ಹಲಗೆಯನ್ನೇ ತರಿಸಬೇಕು. ಸಿಡಬ್ಲ್ಯುಟಿಎಫ್15ರಲ್ಲಿ ಕೆಡುವುದು ಒಂದೊಂದೇ ಭಾಗ, ಪ್ರತಿಯೊಂದನ್ನೂ ಬೇರೆಯಾಗಿ ಅಳೆದು ಬೇರೆಯಾಗಿ ಬದಲಿಸಬಹುದು. ಕೈಯಳತೆಯಲ್ಲಿ ಮೆಕ್ಯಾನಿಕ್ ಇಲ್ಲದ ಜಾಗಕ್ಕೆ ಇದನ್ನೇ ಶಿಫಾರಸು ಮಾಡಬಹುದು. ಜೊತೆಗೆ ಒಂದು ಡಬ್ಬಿಯಲ್ಲಿ ಸೊಲೆನಾಯ್ಡ್, ಎರಡೂ ಥರ್ಮೋಸ್ಟಾಟ್, ಸ್ಪ್ರೇಹೆಡ್, ಗ್ಯಾಸ್ಕೆಟ್ ಮತ್ತು ಗ್ರೋಮೆಟ್ ಇರಲಿ. ಎಲಿಮೆಂಟ್ ಇಡಬೇಕಾಗಿಲ್ಲ, ಸುಣ್ಣ ಕಟ್ಟದಂತೆ ನೋಡಿಕೊಂಡರೆ ಅದು ವರ್ಷಗಟ್ಟಲೆ ಬಾಳುತ್ತದೆ. ನೀರು ಗಡಸಾಗಿದ್ದು ಫಿಲ್ಟರ್ ಹಾಕುವ ಮನಸ್ಸಿಲ್ಲದಿದ್ದರೆ ಇದನ್ನೂ ಕೊಳ್ಳಬೇಡಿ, ಟ್ಯಾಂಕಿರುವ ಬೇರಾವುದನ್ನೂ ಕೊಳ್ಳಬೇಡಿ.

ಟ್ಯಾಂಕು ಖಾಲಿ ಮಾಡಿದ ಯಾವುದೇ ರಿಪೇರಿಯ ನಂತರ ಎಲಿಮೆಂಟಿನ ಒಂದು ತಂತಿಯನ್ನು ಬಿಡಿಸಿ ಟೇಪ್ ಸುತ್ತಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿ. ಟೈಮರ್ ಒಂದು ಬ್ಯಾಚಿನಷ್ಟೇ ನೀರು ಬಿಟ್ಟು ನಿಲ್ಲುವುದರಿಂದ ಹಲವು ಸಲ ಒತ್ತಬೇಕಾಗುತ್ತದೆ. ಫನೆಲ್ಲಿನಿಂದ ನೀರು ಇಳಿದ ಮೇಲೆ ಪ್ಲಗ್ ಕಿತ್ತು ತಂತಿ ಜೋಡಿಸಿ, ಮುಚ್ಚಳ ಹಾಕಿ, ಮತ್ತೆ ಪ್ಲಗ್ ಹಾಕಿ ಇಪ್ಪತ್ತು ನಿಮಿಷ ಬಿಡಿ. ಮೊದಲ ಸಲ ಬಿಸಿಯಾಗುವಾಗ ಒಂದಿಷ್ಟು ನೀರು ಫನೆಲ್ಲಿನಿಂದ ತೊಟ್ಟಿಕ್ಕುತ್ತದೆ, ಅದು ಹಿಗ್ಗಿದ ನೀರು. ಆಮೇಲಿನ ದಿನಗಳಲ್ಲೂ ಮುಂದುವರಿದರೆ ಮಾತ್ರ ಮುಚ್ಚಳ ಮತ್ತೆ ಬಿಚ್ಚಿ.